ಗ್ಯಾರೇಜಿನ ನೆಲ ಮಾನ್ವಿಗೆ ಹೋದದ್ದು

1988ರಲ್ಲಿ, ದೇವದುರ್ಗದಲ್ಲಿ, ಏಳನೇ ತರಗತಿಗೆ ನಾನು ಓದು ಬಿಟ್ಟೆ. ಓದೇ ನನ್ನನ್ನು ಬಿಟ್ಟಿತೆಂದು ಹೇಳುವವರಿದ್ದಾರೆ, ಅದು ಸುಳ್ಳು. ಮರುದಿನವೇ ಬಸ್‌ಸ್ಟ್ಯಾಂಡಿನ ಎದುರಿನ ಪಂಕ್ಚರ್ ಅಂಗಡಿ ಸೇರಿದವನು, ದುಡಿದು ದುಡಿದು ರಾಯಚೂರಿನಲ್ಲಿ ಸ್ವಂತ ಟೈರ್ ಅಂಗಡಿ, ಮನೆ, ಕಾರು ಎಲ್ಲಾ ಮಾಡಿಕೊಂಡೆ. ಹೀಗೆ ಮೇಲೆ ಬಂದವನಿಗೆ ಇನ್ನೊಬ್ಬರ ಬುದ್ಧಿಮಾತು ಕಿವಿಗೆ ಇಳಿಯುವುದು ಸ್ವಲ್ಪ ತಡ. ಗ್ಯಾರೇಜಿನ ಕಾಂಕ್ರೀಟ್ ನೆಲಕ್ಕೆ ಕೆಂಪು ಬಣ್ಣ ಬಳಿಯಲು ಹೊರಟಾಗ ಬಣ್ಣದಂಗಡಿಯ ಖಾಜಾಸಾಬರು, ನೆಲ ಪೂರ್ತಿ ಒಣಗಬೇಕು, ತಿಕ್ಕಿ ಒರಟು ಮಾಡಬೇಕು, ಪ್ರೈಮರ್ ಮೇಲೆ ತೆಳ್ಳಗೆ ಎರಡು ಕೋಟ್ ಹೊಡೆಯಬೇಕು, ಒಂದು ವಾರ ಕಾರು ಒಳಗೆ ತರಬಾರದು ಎಂದೆಲ್ಲಾ ಹೇಳಿದರು. ನನಗೋ ಅಮಾವಾಸ್ಯೆಯ ಕಾರು ಪೂಜೆ ಅದೇ ನೆಲದ ಮೇಲೆ ಆಗಬೇಕಿತ್ತು. ಎರಡು ಕೋಟಿನ ಬಣ್ಣವನ್ನು ಒಂದೇ ಕೋಟಿನಲ್ಲಿ, ರೊಟ್ಟಿಗೆ ಬೆಣ್ಣೆ ಸವರಿದಂತೆ ಬಳಿದುಬಿಟ್ಟೆ.

ನಮ್ಮೂರಿನ ಬಿಸಿಲಲ್ಲಿ ಓಡಿ ಬಂದ ಟೈರು ಕಾದ ಹಂಚಿನಂತಿರುತ್ತದೆ. ಇಷ್ಟು ವರ್ಷ ಟೈರು ಮಾರಿದ ನನಗೆ ಅದು ಹೊಳೆಯಲಿಲ್ಲ. ಒಂದು ದಿನ ಮಗಳ ಮನೆಗೆಂದು ಮಾನ್ವಿಗೆ ಹೋಗಿ ಇಳಿದರೆ, ಬೀಗರ ಅಂಗಳದ ತುಂಬಾ ಟೈರಿಗಂಟಿ ಬಂದ ಕೆಂಪು ಬಣ್ಣದ ಚಕ್ಕೆಗಳು. ಬೀಗರು ಅಮರೇಶಪ್ಪನವರು ಒಂದನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ ಕೇಳಿದರು: “ಬೀಗರ, ಗ್ಯಾರೇಜೂ ಸಂಗಾಟ ತಂದೀರೇನ್ರಿ?”

ಮನೆಮಂದಿಯೆಲ್ಲಾ ನಕ್ಕರು. ನನಗೆ ತಲೆ ಕೆಟ್ಟಿತು. ಮುಂದಿನ ಅಮಾವಾಸ್ಯೆಗೆ ಬಂದು ನೋಡಿ, ಒಂದೇ ಒಂದು ಚಕ್ಕೆ ಎದ್ದಿದ್ದರೆ ನನ್ನ ಟೈರ್ ಅಂಗಡಿ ಅಳಿಯನಿಗೆ ಎಂದುಬಿಟ್ಟೆ. ಆವತ್ತಿನಿಂದ ಅಳಿಯ ದಿನಾ ಫೋನ್ ಮಾಡಿ, ಮಾವನ ಆರೋಗ್ಯ ಬಿಟ್ಟು ನೆಲದ ಆರೋಗ್ಯ ವಿಚಾರಿಸತೊಡಗಿದ.

ಮತ್ತೆ ಖಾಜಾಸಾಬರ ಬಳಿಗೆ ಹೋದೆ. ಬಣ್ಣ ಏಳಲು ಟೈರಿನ ಕಾವು ಒಂದು ಕಾರಣ, ನೆಲದ ತೇವ ಇನ್ನೊಂದು ಇರಬೇಕೆಂದು ಅವರಿಗೆ ಅನುಮಾನ. ಬಣ್ಣ ಕೆರೆದು, ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚು ನೆಲಕ್ಕೆ ಅಂಟಿಸಿ, ಬೆಳಿಗ್ಗೆ ಅಡಿಯಲ್ಲಿ ನೀರಾಡಿದೆಯೇ ನೋಡಿ ಎಂದರು. ಹಾಗೇ ಮಾಡಿದೆ. ದಿನಾ ಚಹಾ ಕುಡಿದು ಹೋಗಿ ನೋಡಿದರೆ ಹಾಳೆಯ ಕೆಳಗೆ ತೇವವಲ್ಲ, ನೀರೇ ನಿಂತಿರುತ್ತಿತ್ತು. ಅಂದರೆ ನನ್ನ ಗ್ಯಾರೇಜಿನ ಅಡಿಯಲ್ಲಿ ಸೆಲೆ ಇದೆ! ಕವಿತಾಳದಿಂದ ನೀರು ನೋಡುವವನನ್ನು ಕರೆಸಿದೆ. ಅವನ ಅಂಗೈ ಮೇಲಿನ ತೆಂಗಿನಕಾಯಿ ಸೆಟೆದು ನಿಂತಿತು. ಬಣ್ಣ ಹೋದರೆ ಹೋಗಲಿ, ಊರಿಗೇ ನೀರು ಕೊಡುವವನಾಗುತ್ತೇನೆಂದು ಬೋರ್‌ವೆಲ್ ಲಾರಿಗೆ ಹೇಳಿ ಕಳಿಸಿದೆ.

ಬೆಳಗಾಗುವ ಮೊದಲೇ ಲಾರಿ ಬಂತು, ಜೊತೆಗೆ ನೀರು ನೋಡುವವನೂ ಬಂದ. ಗ್ಯಾರೇಜಿನ ಬಾಗಿಲು ಕಿತ್ತು ನೆಲ ಒಡೆಯಬೇಕು ಎನ್ನುವಾಗ ನನ್ನ ಹೆಂಡತಿ ಗಂಗಮ್ಮ ಕೊಡ, ಕಸಬರಿಗೆ ಹಿಡಿದು ಬಂದು, ಸ್ವಲ್ಪ ಸರಿಯಿರಿ, ಇನ್ನೂ ತೊಳೆದಿಲ್ಲ ಎಂದಳು. ಏನು ತೊಳೆಯುವುದೆಂದು ಕೇಳಿದೆ.

“ಗ್ಯಾರೇಜ್ ರೀ. ಕಾರಂದ್ರ ಲಕ್ಷ್ಮಿ, ಲಕ್ಷ್ಮಿ ನಿಂತ ಜಾಗಾ ತೊಳೀದs ಬಿಡಾಕ ಬರ್ತದೇನು? ನಿಮ್ಮ ಪ್ಲಾಸ್ಟಿಕ್ ಕೆಡಿಸಿಲ್ಲ. ದಿನಾ ಎತ್ತಿ, ತೊಳದು, ಹೆಂಗಿತ್ತೋ ಹಂಗs ಹಚ್ಚೀನಿ.”

ಲಾರಿಯವರು ನನ್ನ ಮುಖ ನೋಡಿದರು. ನಾನು ನೀರು ನೋಡುವವನ ಮುಖ ನೋಡಿದೆ. “ನೀರಂತೂ ಇತ್ತಲ್ರೀ,” ಎಂದ ಆತ, “ಎಷ್ಟು ಆಳ ಅಂತ ಕಾಯಿ ಹೇಳಿಲ್ಲ.” ಕಾಯಿ ಚೀಲಕ್ಕೆ ಹಾಕಿಕೊಂಡು ಹೋದ.

ಆಮೇಲೆ ಖಾಜಾಸಾಬರು ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡಿದೆ. ಉಳಿದದ್ದು ಒಂದೇ ತೊಡಕು: ಲಕ್ಷ್ಮಿ ನಿಂತ ಜಾಗ ತೊಳೆಯಲೇಬೇಕು, ಹೊಸ ಬಣ್ಣಕ್ಕೆ ನೀರು ಸೋಕಿಸಲು ನನಗೆ ಧೈರ್ಯವಿಲ್ಲ. ಕೊನೆಗೆ ಲಕ್ಷ್ಮಿಯನ್ನೇ ಹೊರಗೆ ನಿಲ್ಲಿಸಿದೆವು. ಅಮಾವಾಸ್ಯೆಗೆ ಬೀಗರು ಬಂದು, ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮೂಲೆಮೂಲೆಗೂ ಉಗುರಿನಿಂದ ಕೆರೆದು ನೋಡಿದರು. ಏನೂ ಏಳಲಿಲ್ಲ. ಮತ್ತೆ ಕಾರು ಯಾಕೆ ಬಿಸಿಲಲ್ಲಿದೆ ಎಂದು ಕೇಳಿದರು.

“ಒಳಗ ತಂದ್ರ ಬಣ್ಣ ಹೋಗ್ತದ್ರಿ,” ಎಂದೆ.

ಹೀಗೆ ಈಗ ನನಗಿರುವುದು ಟೈರ್ ಅಂಗಡಿ ಒಂದು, ಬಿಸಿಲಲ್ಲಿ ಕಾಯುವ ಕಾರು ಒಂದು, ಕಾರು ಕಾಲಿಡದ ಗ್ಯಾರೇಜು ಒಂದು, ಫೋನ್ ಮಾಡುವುದನ್ನು ಬಿಟ್ಟ ಅಳಿಯ ಒಬ್ಬ.