ನಾ ಬಿಗಿ ಮಾಡಿದ ಕುರ್ಚಿ

ನಾ ಬಿಗಿ ಮಾಡಿದ ಕುರ್ಚಿ ಜಲ್ಮದಾಗ ಅಲುಗಾಡಿಲ್ಲ. ಬೇಕಾದ್ರ ಕೇಳ್ರಿ ಅಂತಿದ್ದೆ. ಈಗ ಕೇಳಬೇಕಂದ್ರ, ಅವುಗಳ ಮ್ಯಾಲ ಕುಂತ ಹಿರ್ಯಾರು ಒಬ್ಬರೂ ಉಳಿದಿಲ್ಲ. ಹಳೇ ಕುರ್ಚಿ ಇರೂತನಕ ಬಡಿಗ್ಯಾನ ಬಾಳೇದಾಗ ಮೋಜಿಗೆ ಬರ ಇಲ್ಲ. ಮೊನ್ನೆ ಬೈಲಹೊಂಗಲದ ನನ್ನ ಅಂಗಡಿಗೆ ಒಬ್ಬ ಹೆಣ್ಣಮಗಳು ಕಾಲು ಸಡಿಲಾದ ಕುರ್ಚಿ ತಂದು ಕಟ್ಟಿ ಮ್ಯಾಲ ಕುಂತಳು. ಆಕೀಗೂ, ಅಲ್ಲಿದ್ದ ನಾಕು ಮಂದಿಗೂ ಹೊತ್ತು ಹೋಗಬೇಕಲ್ಲ, ಈ ಕತಿ ಹೇಳಿದೆ.

ಕಿತ್ತೂರಿನ ಕರಕರ

ಕಿತ್ತೂರಾಗ ಒಬ್ಬ ಮುದುಕಪ್ಪನ ಸಾಗವಾನಿ ಕುರ್ಚಿ ಕುಂತರೂ ಕರಕರ, ಎದ್ದರೂ ಕರಕರ. ಕೀಲು ಬಿಚ್ಚಿ, ಹಳೇ ಅಂಟು ಕೆರೆದು, ಬೆಣಿ ಹೊಡದು ಕಲ್ಲಿನಂಗ ಮಾಡಿಕೊಟ್ಟೆ. ಮರುದಿನ ಹೇಳಿಕಳಿಸಿದ. ಹೋಗಿ ಕೇಳಿದೆ.

"ಯಾಕ್ರೀ, ಮತ್ತ ಸಡಿಲಾತೇನು?"

"ಸಡಿಲಾಗಿದ್ರ ಪಾಡಿತ್ತೋ ಮಾರಾಯಾ. ಮಧ್ಯಾಹ್ನ ಮಲಗೆದ್ದು ಕುರ್ಚ್ಯಾಗ ಕುಂತ್ರ, ಕರಕರ ಕೇಳಿ ಸೊಸಿ ಚಾಕ್ಕ ಇಡ್ತಿದ್ಲು. ನಿನ್ನೆ ಚಾನೂ ಇಲ್ಲ, ಸೊಸೀನೂ ಇಲ್ಲ."

ಬಿಗಿ ಮಾಡಾಕ ಅರ್ಧ ತಾಸು ಹಿಡದಿತ್ತು. ಕೀಲು ಅಲುಗಾಡದಂಗ ಬರೇ ಕರಕರ ತರಾಕ ಇಡೀ ದಿನ ಹೋತು.

ಸವದತ್ತಿ ಎಮ್ಮಿ

ಅಂಟು ಹಾಕಿದ ಕುರ್ಚಿ ಕಾಲಿಗೆ ಹಗ್ಗ ಸುತ್ತಿ, ನಡುವ ಕೋಲು ಸಿಗಿಸಿ ತಿರುವಿ ಬಿಗಿಯೂದು ನಮ್ಮ ಪದ್ಧತಿ. ಸವದತ್ತ್ಯಾಗ ಹಂಗ ಬಿಗಿದು, ಅಂಗಳದಾಗ ಇಟ್ಟು ಚಾ ಕುಡ್ಯಾಕ ಹೋದೆ. ಹಗ್ಗ ಕಂಡಕೂಡ್ಲೆ ಮನಿಯಾಕಿ ತನ್ನ ಎಮ್ಮಿ ತಂದು ಅದಕ್ಕ ಕಟ್ಟಿದಳು. ಅಷ್ಟ್ರಾಗ ಬಸ್ಸು ಹಾರ್ನ್ ಹೊಡೀತು. ಎಮ್ಮಿ ಕುರ್ಚಿ ಎಳಕೊಂಡು ಪ್ಯಾಟಿ ದಾಟಿ ಯರಗಟ್ಟಿ ರಸ್ತಾ ಹಿಡೀತು. ನಾವು ಹೋಗಿ ಮುಟ್ಟಿದಾಗ ಎಮ್ಮಿ ಸುಸ್ತಾಗಿ ಕಾಲು ಚಾಚಿ ಮಲಗಿತ್ತು. ಕುರ್ಚಿ ನಾಕೂ ಕಾಲ ಮ್ಯಾಲ ನಿಂತು ಅದನ್ನ ಕಾಯತಿತ್ತು.

ಸಾಲಹಳ್ಳಿ ಸಕ್ಕರಿ

ಇದು ರಾಮದುರ್ಗದ ಕಡೆ ಸಾಲಹಳ್ಳ್ಯಾಗ ನಡದದ್ದು. ಪ್ಲಾಸ್ಟಿಕ್ ಕುರ್ಚಿ ಇನ್ನೂ ಊರೂರಿಗೆ ಬಂದಿದ್ದಿಲ್ಲ. ಬೀಗರು ಬರ್ತಾರಂತ ಹೆಣ್ಣಿನ ಮನಿಯವ್ರು ಇದ್ದೊಂದು ಕುರ್ಚಿ ಬಿಗಿ ಮಾಡಾಕ ನನ್ನ ಕರಸಿದ್ರು. "ಅಂಟು ಹಸಿ ಐತಿ, ನಾಳಿತನಕ ಯಾರೂ ಕುಂಡ್ರಬ್ಯಾಡ್ರಿ" ಅಂದೆ. ಬೀಗರು ಅವತ್ತ ಬಂದ್ರು. ಹುಡುಗನ ಕಾಕಾ ಅದರಾಗ ಕುಂತ.

ಲಗ್ನ ಯಾರ ಊರಾಗ ಅನ್ನೂದಕ್ಕ ಮಾತು ಬಿರಸಾತು. ಬಾಯಾಗ ಸಕ್ಕರಿ ಬೀಳೂ ಮೊದಲ ಹಿರ್ಯಾ ಎದ್ದು ಹೋದ್ರ ಸಂಬಂಧ ಮುರದಂಗ. "ಈ ಸಂಬಂಧ ಬ್ಯಾಡ" ಅಂತ ಕಾಕಾ ಎದ್ದ. ಕುರ್ಚೀನೂ ಎದ್ದಿತು. ಕೀಲಿನಿಂದ ಹರದ ಅಂಟಿಗೆ ಧೋತರ ಹತ್ತಿಬಿಟ್ಟಿತ್ತು. ಜಗ್ಗಿದ್ರ ಧೋತರದ ಜೋಡಿ ಮಾನಾನೂ ಹೋಗ್ತೈತಿ. ಮೆಲ್ಲಕ ಕುಂತು ಅಂದ, "ತರ್ರಿ ಸಕ್ಕರಿ."

ಅಂಗಡಿ ಕಟ್ಟಿ ಮ್ಯಾಲ ಕುಂತಾವ್ರೆಲ್ಲಾ ನಕ್ಕರು. ಕುರ್ಚಿ ತಂದಾಕಿ ಮಾತ್ರ ನಗಲಿಲ್ಲ.

"ಅಜ್ಜಾ, ಆ ಲಗ್ನದ ಮದಲಗಿತ್ತಿ ನಾನ. ಧೋತರ ಎಲ್ಲೂ ಹತ್ತಿದ್ದಿಲ್ಲ. ಕಾಕಾ ಸಿಟ್ಟಲೆ ಏಳೂವಾಗ ಕುರ್ಚಿ ಹಿಂದಿನ ಕಾಲು ಕಳಚಿ ಅಂಗಾತ ಬಿದ್ರು. ಎರಡೂ ಕಡ್ಯಾವ್ರು ನಕ್ಕರು, ಕಡೀಕ ಅವರಿಗೂ ನಗಿ ಬಂದು ಸಿಟ್ಟು ಇಳೀತು. ಆ ಕುರ್ಚಿನ ಇದು, ತವರಿಂದ ತಂದೇನಿ. ಅದ ಕಾಲು, ನೋಡ್ರಿ."

ಕಟ್ಟಿ ಮ್ಯಾಲಿನ ಮಂದಿ ನನ್ನ ಮಾರಿ ನೋಡಿತು. ನಾ ಟಾವೆಲ್ ಝಾಡಿಸಿ ಹೆಗಲಿಗೆ ಹಾಕ್ಕೊಂಡು ಕೊಡತಿ ಕೈಗೆ ತಗೊಂಡೆ.

"ಕುರ್ಚಿ ಸುದ್ದಿ ಬಿಡವಾ ತಂಗಿ. ಲಗ್ನ ಗಟ್ಟಿ ಐತೋ ಇಲ್ಲೋ?"