ಬರೆದವನು ನಾನು, ಮಾಲೀಕರು ಅವರು

ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುವವನ ನಸೀಬಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನೆಟ್ ಸರಿಯಾಗಿ ನಡೆದರೆ ಇವನಿಗೇನು ಕೆಲಸ ಅನ್ನುತ್ತಾರೆ, ನಿಂತರೆ ಇವನೇನು ಕೆಲಸ ಮಾಡ್ತಾನೆ ಅನ್ನುತ್ತಾರೆ. ನಾನು ವಿಜಯಪುರದ ಕಡೆಯವನು. ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು, ಅಷ್ಟೂ ವರ್ಷ ಈ ಎರಡು ಮಾತುಗಳ ನಡುವೆಯೇ ಕಳೆದಿದ್ದೇನೆ. ಮನೆ ಕಾತ್ರಜದಲ್ಲಿ, ಕೆಲಸ ಮಗರಪಟ್ಟಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಕಂಪನಿಯ ಹೆಸರು ಹೇಳುವುದಿಲ್ಲ. ಅವರು ನನ್ನ ಹೆಸರು ಎಲ್ಲೂ ಹೇಳಲಿಲ್ಲ, ನಾನ್ಯಾಕೆ ಅವರದು ಹೇಳಲಿ?

ಒಂದೂ ದೂರು ಬಾರದ ದಿನ

ನಮ್ಮ ವಿಭಾಗಕ್ಕೆ ಹೊಸ ಮ್ಯಾನೇಜರ್ ಬಂದ. ಮೈಸೂರಿನವನು, ನನಗಿಂತ ಹದಿನೈದು ವರ್ಷ ಚಿಕ್ಕವನು, ಮಾತು ಮಾತ್ರ ಬಲು ನಯ. ಬಂದ ವಾರದಲ್ಲೇ ಒಂದು ನಿಯಮ ಮಾಡಿದ. ನೆಟ್ ಕೆಟ್ಟರೆ ಇನ್ನು ಮುಂದೆ ಯಾರೂ ನನ್ನ ಟೇಬಲ್ಲಿಗೆ ಬರಕೂಡದು, ಫೋನೂ ಮಾಡಕೂಡದು. ಕಂಪನಿಯ ವೆಬ್‌ಸೈಟಿನಲ್ಲಿ ದೂರು ದಾಖಲಿಸಬೇಕು. ನೆಟ್ಟೇ ಇಲ್ಲದಾಗ ವೆಬ್‌ಸೈಟು ತೆರೆಯುವುದು ಹೇಗಪ್ಪಾ ಅಂತ ಕೇಳಿದೆ. "ಸರ್, ನೆಗೆಟಿವ್ ಆಗಿ ಥಿಂಕ್ ಮಾಡ್ಬೇಡಿ" ಅಂದ.

ಮರುತಿಂಗಳು ಹಡಪಸರದಲ್ಲಿ ರಸ್ತೆ ಅಗೆಯುವಾಗ ಜೆಸಿಬಿ ನಮ್ಮ ಕೇಬಲ್ ಕತ್ತರಿಸಿ ಹಾಕಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಇಡೀ ಆಫೀಸು ಬಂದ್. ಕೇಬಲ್ ಜೋಡಿಸುವವರನ್ನು ಕಾಯುತ್ತ ನಾನು ಬಿಸಿಲಲ್ಲಿ ಗುಂಡಿಯ ಪಕ್ಕ ನಿಂತಿದ್ದೆ. ನನ್ನ ಮುಖ ನೋಡಿ ಜೆಸಿಬಿ ಓಡಿಸುವವನಿಗೂ ಪಾಪ ಅನ್ನಿಸಿರಬೇಕು. ಕಾಳಜಿ ಮಾಡಬೇಡಿ ಕಾಕಾ, ನಾಳೆ ಆಚೆ ಬದಿ ಅಗೆಯುತ್ತೇವೆ, ಅಲ್ಲಿರುವುದು ಬೇರೆಯವರ ಕೇಬಲ್ಲು ಅಂತ ಮರಾಠಿಯಲ್ಲಿ ಸಮಾಧಾನ ಹೇಳಿದ.

ತಿಂಗಳ ಕೊನೆಗೆ ಮ್ಯಾನೇಜರ್ ದೂರುಗಳ ಪಟ್ಟಿ ತೆಗೆದು ನೋಡಿದ. ಬೇರೆ ದಿನ ನಾಲ್ಕು ಐದು ದೂರು ಇದ್ದವು. ಆ ದಿನ ಒಂದೂ ಇಲ್ಲ. ಹೀಗಾಗಿ ನೆಟ್‌ವರ್ಕೇ ಇಲ್ಲದಿದ್ದ ದಿನ ನಾನು ಅತ್ಯುತ್ತಮ ನೆಟ್‌ವರ್ಕ್ ಕೊಟ್ಟೆನೆಂದು ನನಗೊಂದು ಮೆಚ್ಚುಗೆಯ ಪತ್ರ ಬಂತು.

ರವಿವಾರದ ವಾಚ್‌ಮನ್

ಆ ಪತ್ರ ಓದಿ ನನ್ನ ಮೈಗೆ ಬೆಂಕಿ ಬಿದ್ದಂತಾಯಿತು. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಬೇಸರವಾಗುತ್ತಿರಲಿಲ್ಲ. ಇನ್ನೊಮ್ಮೆ ಹೀಗಾಗಬಾರದು ಅಂತ ಮನೆಯಲ್ಲಿ, ನನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ, ಹತ್ತು ರವಿವಾರ ಕೂತು ಒಂದು ಪ್ರೋಗ್ರಾಂ ಬರೆದೆ. ಜೆಸಿಬಿಯ ದೆಸೆಯಿಂದ ಆಫೀಸಿಗೆ ಈಗ ಎರಡು ನೆಟ್ ಲೈನ್ ಆಗಿದ್ದವು, ಆದರೆ ಒಂದು ಸತ್ತಾಗ ತಕ್ಷಣ ಇನ್ನೊಂದನ್ನು ಎಬ್ಬಿಸುವವರು ಇರಲಿಲ್ಲ. ನನ್ನ ಪ್ರೋಗ್ರಾಂ ತಾನೇ ಇನ್ನೊಂದು ಲೈನಿಗೆ ದಾಟಿಸಿ, ಬೇರೆಯೇ ಒಂದು ಸಿಮ್ ಕಾರ್ಡಿನಿಂದ ದೊಡ್ಡವರ ಫೋನುಗಳಿಗೆ ಸಂದೇಶವನ್ನೂ ಕಳಿಸುತ್ತಿತ್ತು. ಅದಕ್ಕೆ ವಾಚ್‌ಮನ್ ಅಂತ ಹೆಸರಿಟ್ಟೆ.

ಹೆಂಡತಿ ಚಹಾ ತಂದಿಟ್ಟು ಒಂದೇ ಮಾತು ಕೇಳಿದಳು. "ರವಿವಾರಾನೂ ಅವರಿಗೇ ದುಡೀಲಿಕ್ಹತ್ತೀರಿ. ಅದರಾಗ ನಿಮ್ಮ ಹೆಸರರೇ ಹಾಕ್ತಾರೇನ್ರಿ?"

"ಹಾಕದ ಎಲ್ಲಿ ಹೋಗ್ತಾರ" ಅಂದೆ.

ವಾಚ್‌ಮನ್ ಚೆನ್ನಾಗಿ ದುಡಿದ. ಮುಂದಿನ ಸಲ ಕೇಬಲ್ ತುಂಡಾದಾಗ ಸಂದೇಶ ಬಂದ ದೊಡ್ಡವರನ್ನು ಬಿಟ್ಟರೆ ಯಾರಿಗೂ ಗೊತ್ತೇ ಆಗಲಿಲ್ಲ. ನಾನು ಬಡ್ತಿ ಕೇಳಲಿಲ್ಲ, ಪಗಾರ ಹೆಚ್ಚಿಸಿ ಅನ್ನಲಿಲ್ಲ. ಪರದೆಯ ಕೆಳಗೆ ಒಂದು ಸಾಲು ಹಾಕಿ, ಬರೆದವರು ಇಂಥವರು ಅಂತ, ಇಷ್ಟೇ ಕೇಳಿದ್ದು. ಮ್ಯಾನೇಜರ್ ನನ್ನನ್ನು ಕಾನೂನು ವಿಭಾಗದ ಮೇಡಂ ಹತ್ತಿರ ಕಳಿಸಿದ. ಆಕೆ ನಾನು ಸೇರುವಾಗ ಸಹಿ ಮಾಡಿದ ಕರಾರು ತೆಗೆದು ತೋರಿಸಿದರು. ನೌಕರಿಯಲ್ಲಿರುವಷ್ಟು ಕಾಲ ನಾನು ಬರೆದದ್ದೆಲ್ಲ ಕಂಪನಿಯದು. ಮನೆಯಲ್ಲಿ ಬರೆದರೂ ಅವರದು, ರವಿವಾರ ಬರೆದರೂ ಅವರದು. ಮಾಲೀಕರು ಕಂಪನಿಯಾದ ಮೇಲೆ ಬೇರೆಯವರ ಹೆಸರು ಹಾಕುವುದು ಸರಿಯಲ್ಲ ಅಂದರು. ಎಲ್ಲವೂ ಅಂದರೆ ಎಲ್ಲವೂನಾ ಅಂತ ಕೇಳಿದೆ. ಎಲ್ಲವೂ ಅಂದರು.

ನನಗೂ ಹಟ ಬಂತು. ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಸ್ವಾಗತ ಭಾಷಣ ಬರೆಯುವವನು ನಾನೇ. ನಾನು ಬರೆದದ್ದೆಲ್ಲ ಕಂಪನಿಯ ಆಸ್ತಿಯಾದ್ದರಿಂದ ಈ ಭಾಷಣ ಓದಲು ಅನುಮತಿ ಕೊಡಬೇಕೆಂದು ಅರ್ಜಿ ಹಾಕಿದೆ. ಚೇಷ್ಟೆ ಅಂತ ಅವರಿಗೆ ತಿಳಿದೀತು ಅಂದುಕೊಂಡಿದ್ದೆ. ತಿಳಿಯಲಿಲ್ಲ. ಅರ್ಜಿ ಮೂರು ಟೇಬಲ್ ಸುತ್ತಿತು. ನವೆಂಬರ್ ಕಳೆದು, ಸಂಕ್ರಾಂತಿ ಎಳ್ಳು ಬೆಲ್ಲವೂ ಮುಗಿದ ಮೇಲೆ ಅನುಮತಿ ಬಂತು. ಜೊತೆಗೊಂದು ಷರತ್ತು: ಐವತ್ತಕ್ಕಿಂತ ಹೆಚ್ಚು ಜನರ ಮುಂದೆ ಓದಕೂಡದು. ಭಾಷಣ ಓದಿ ಎರಡೂವರೆ ತಿಂಗಳಾಗಿತ್ತು. ನಾನು ಗಾಬರಿಯಾದಂತೆ ನಟಿಸಿ ಸಂಘದ ಕಾರ್ಯದರ್ಶಿಗೆ ಪತ್ರ ತೋರಿಸಿದೆ. ಅವರು ಹುಬ್ಬಳ್ಳಿ ಕಡೆಯ ಬಟ್ಟೆ ವ್ಯಾಪಾರಿ, ನಿಜವಾಗಿಯೇ ಯೋಚಿಸಿ ಹೇಳಿದರು: "ಕಾಯ್ದೆ ಮುರದಿಲ್ಲ ಬಿಡ್ರಿ. ಉಪ್ಪಿಟ್ಟು ತಿನ್ನಾಕ ಬಂದವರನ್ನ ಹಿಡದು ಮೂವತ್ತೊಂದೇ ಮಂದಿ ಇದ್ರು."

ಸುರಕ್ಷತೆಯ ತಪಾಸಣೆ

ಪ್ರೋಗ್ರಾಂ ಬರೆಯುವವರು ಸಾಲುಗಳ ನಡುವೆ ಟಿಪ್ಪಣಿ ಬರೆದಿಡುವುದುಂಟು. ಅದು ಯಂತ್ರಕ್ಕಲ್ಲ, ನಾಳೆ ಆ ಕೆಲಸಕ್ಕೆ ಕೈಹಾಕುವ ಮನುಷ್ಯನಿಗೆ. ಮನುಷ್ಯರ ಜೊತೆ ಮನುಷ್ಯರಂತೆ ಮಾತಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೇ ವಾಚ್‌ಮನ್‌ನ ಟಿಪ್ಪಣಿಗಳನ್ನು ನಮ್ಮ ಕನ್ನಡದಲ್ಲೇ ಬರೆದಿದ್ದೆ. "ಇಲ್ಲಿ ಮೂವತ್ತು ಸೆಕೆಂಡ್ ತಡೀಲೇಬೇಕು. ಅವಸರ ಮಾಡಿದ್ರ ಎರಡೂ ಲೈನ್ ಬೀಳ್ತಾವ ನೋಡ್ರಿ" ಅಂತ ಒಂದು ಕಡೆ ಇತ್ತು.

ಸುರಕ್ಷತಾ ವಿಭಾಗದವರು ತಪಾಸಣೆಗೆ ಬಂದವರು ಇದನ್ನು ಕಂಡು ಹೌಹಾರಿದರು. ಗುರುತಿಲ್ಲದ ಲಿಪಿಯಲ್ಲಿ ರಹಸ್ಯ ಸಂದೇಶಗಳಿವೆ ಅಂತ ಮೇಲಿನವರಿಗೆ ಬರೆದರು. ಬರೆದವನು ನಾನು ಎರಡು ಟೇಬಲ್ ಆಚೆ ಕೂತಿದ್ದೆ, ನನ್ನನ್ನು ಕೇಳಲಿಲ್ಲ. ಶಂಕಿತನನ್ನು ಕೇಳುವುದು ನಿಯಮಕ್ಕೆ ವಿರುದ್ಧವಂತೆ. ಮ್ಯಾನೇಜರ್ ಕನ್ನಡಿಗ ಅಂತ ಗೊತ್ತಾಗಿ ಅವನನ್ನು ಕರೆಸಿದರು. ಅವನು ಶಾಲೆ ಬಿಟ್ಟ ಮೇಲೆ ಕನ್ನಡ ಓದಿದವನಲ್ಲ. ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದ, ಬೆವರಿದ, ಕೊನೆಗೆ ಅಪಾಯವಿಲ್ಲ ಅಂತ ಸಹಿ ಹಾಕಿದ.

ಆದರೂ ಕಂಪನಿಯ ಭಾಷೆಯಲ್ಲಿಲ್ಲದ್ದು ಕಂಪನಿಯ ಆಸ್ತಿಯಲ್ಲಿ ಇರಕೂಡದು ಅಂದರು. ಇಂಗ್ಲಿಷಿನಲ್ಲಿ ಬರೆದುಕೊಡುತ್ತೇನೆ ಅಂದೆ. ಅದಕ್ಕೆ ಸಮಯವಿಲ್ಲ, ಅಳಿಸಿಬಿಡಿ ಅಂದರು. ನನ್ನ ಕೈಯಿಂದಲೇ ಅಳಿಸಿಸಿದರು. ಮರುದಿನ ವಾಚ್‌ಮನ್ ಈಗ ಸಂಪೂರ್ಣ ಸುರಕ್ಷಿತ ಅಂತ ವರದಿ ಬಂತು. ಒಳಗೇನಿದೆ ಅಂತ ಯಾರಿಗೂ ತಿಳಿಯದ ಸ್ಥಿತಿಗೆ ನಮ್ಮಲ್ಲಿ ಸುರಕ್ಷತೆ ಅನ್ನುತ್ತಾರೆ.

ವೇದಿಕೆಯ ಹಿಂದಿನ ತಂಡ

ಆ ವರ್ಷ ಕಂಪನಿಯ ದೊಡ್ಡ ಸಮಾರಂಭದಲ್ಲಿ ವಾಚ್‌ಮನ್‌ಗೆ ಬಹುಮಾನ ಬಂತು. ಹೆಸರು ಮಾತ್ರ ಬದಲಾಗಿತ್ತು. ವಾಚ್‌ಮನ್ ಅನ್ನುವುದು ಗೇಟಿನಲ್ಲಿ ಕೂರುವವನ ಹೆಸರಾಯಿತು ಅಂತ ಮಾರ್ಕೆಟಿಂಗಿನವರು ಅದಕ್ಕೆ ಸ್ಮಾರ್ಟ್ ಇಂಥದ್ದೇನೋ ತ್ರೀ ಸಿಕ್ಸ್ಟಿ ಅಂತ ಮರುನಾಮಕರಣ ಮಾಡಿದ್ದರು. ನನಗೂ ಕೋಟು ಹಾಕಿಕೊಂಡು ಬರಲು ಹೇಳಿದರು. ಹೆಂಡತಿ ಇಸ್ತ್ರಿ ಮಾಡಿಕೊಟ್ಟಳು. ಈಗಲಾದರೂ ಹೆಸರು ಕರೆದಾರು ಅಂತ ಆಸೆ ಇತ್ತು.

ಹೋದ ಮೇಲೆ ಗೊತ್ತಾಯಿತು, ನನ್ನನ್ನು ಕರೆದದ್ದು ಬೇರೆ ಕೆಲಸಕ್ಕೆ. ಪರದೆಗೆ ಚಿತ್ರ ಹೋಗುವ ಕೇಬಲ್ ಸಡಿಲವಾಗಿತ್ತು. ಬಹುಮಾನದ ಹೊತ್ತಿಗೆ ಅದು ಕಳಚಬಾರದು ಅಂತ ನಾನು ವೇದಿಕೆಯ ಹಿಂದೆ ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ನಿಂತೆ. ಮ್ಯಾನೇಜರ್ ಮೇಲೆ ಹೋಗಿ ಬಹುಮಾನ ತೆಗೆದುಕೊಂಡ. ಇದು ನನ್ನೊಬ್ಬನ ಸಾಧನೆ ಅಲ್ಲ, ಇಡೀ ತಂಡಕ್ಕೆ ಚಪ್ಪಾಳೆ ಬರಲಿ ಅಂದ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಇಡೀ ತಂಡ ಅಂದರೆ ನಾನೊಬ್ಬನೇ. ನನಗೆ ತಟ್ಟಲು ಕೈ ಖಾಲಿ ಇರಲಿಲ್ಲ.

ಮಾಲೀಕ ಸಿಕ್ಕ

ಬಹುಮಾನ ಬಂದ ಮೇಲೆ ಮ್ಯಾನೇಜರನಿಗೆ ಅದನ್ನು ಇನ್ನೂ ಚುರುಕು ಮಾಡುವ ಹುರುಪು ಬಂತು. ಒಳಗೆ ಹುಡುಕಿ ಆ ಮೂವತ್ತು ಸೆಕೆಂಡ್ ತಡೆಯುವ ಸಾಲು ಕಂಡುಹಿಡಿದ. ಟಿಪ್ಪಣಿ ಅಳಿಸಿಹೋಗಿತ್ತು. ತಾನೇ ಬೆರಳಿಟ್ಟು ಓದಿದ್ದು ಅವನಿಗೆ ನೆನಪಿರಲಿಲ್ಲ. ಬೇಡ, ಕೈ ಹಚ್ಚಬೇಡ ಅಂತ ನಾನು ಬಾಯಿಬಿಟ್ಟು ಹೇಳಿದೆ. "ಸರ್, ಅವಾರ್ಡ್ ಬಂದಿರೋ ಪ್ರಾಡಕ್ಟ್ ಇದು. ಹಾಫ್ ಮಿನಿಟ್ ಸುಮ್ನೆ ನಿಂತಿರುತ್ತೆ ಅಂದ್ರೆ ಹೇಗೆ?" ಅಂದು ಮೂವತ್ತನ್ನು ಸೊನ್ನೆ ಮಾಡಿದ.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಲೈನ್ ಚೂರು ಕೆಮ್ಮಿತು. ವಾಚ್‌ಮನ್ ಇನ್ನೊಂದಕ್ಕೆ ಹಾರಿದ. ಅದು ಇನ್ನೂ ಕಣ್ಣು ಬಿಡುವ ಮೊದಲೇ ಅದೂ ಸತ್ತಿದೆ ಅಂದುಕೊಂಡು ಮೊದಲಿನದಕ್ಕೆ ಹಾರಿದ. ಹೀಗೆ ಆಚೆ ಈಚೆ ಹಾರುತ್ತ ಎರಡೂ ಲೈನ್ ಮಲಗಿಸಿಬಿಟ್ಟ. ಸಂದೇಶಗಳು ಮಾತ್ರ ತಪ್ಪದೆ ಹೋಗುತ್ತಿದ್ದವು: ಲೈನ್ ಬಿತ್ತು, ಲೈನ್ ಎದ್ದಿತು, ಬಿತ್ತು, ಎದ್ದಿತು. ಗಿರಾಕಿಗಳ ಜೊತೆ ಕೂತಿದ್ದ ದೊಡ್ಡ ಸಾಹೇಬರ ಫೋನು ನಡುಗಿ ನಡುಗಿ ಟೇಬಲ್ಲಿನಿಂದ ಕೆಳಗೆ ಬಿತ್ತಂತೆ. ನಾನು ಮೂವತ್ತನ್ನು ವಾಪಸ್ ಹಾಕಿ ಎಲ್ಲ ಸರಿಪಡಿಸುವಷ್ಟರಲ್ಲಿ ಊಟದ ಹೊತ್ತು ದಾಟಿತ್ತು.

ಎರಡು ದಿನದಲ್ಲಿ ವಿಚಾರಣೆಯ ವರದಿ ಬಂತು. ಏನಾಯಿತು, ಯಾವಾಗ ಆಯಿತು, ಎಲ್ಲದಕ್ಕೂ ಒಂದೊಂದು ಕಾಲಂ. 'ಸಾಫ್ಟ್‌ವೇರಿನ ಮಾಲೀಕರು' ಅನ್ನುವ ಕಾಲಮಿನಲ್ಲಿ ನನ್ನ ಹೆಸರಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲು ಖುಷಿಯೇ ಆಯಿತು. ಆಮೇಲೆ ಅರ್ಥವಾಯಿತು, ಮೈ ಉರಿಯಿತು. ಬಹುಮಾನದ ದಿನ ಇಡೀ ತಂಡದ್ದಾಗಿದ್ದ ಪ್ರೋಗ್ರಾಂ, ಬಿದ್ದ ದಿನ ನನ್ನೊಬ್ಬನದಾಗಿತ್ತು.

ವರದಿ ಹಿಡಿದು ಸೀದಾ ಕಾನೂನು ಮೇಡಂ ಹತ್ತಿರ ಹೋದೆ. ಮಾಲೀಕ ನಾನೇ ಅಂತ ಕಂಪನಿಯೇ ಲಿಖಿತವಾಗಿ ಒಪ್ಪಿದೆ, ಸಂತೋಷ; ಹಾಗಾದರೆ ನನ್ನ ವಾಚ್‌ಮನ್‌ನನ್ನು ಇವತ್ತೇ ಮನೆಗೆ ಕರೆದುಕೊಂಡು ಹೋಗುತ್ತೇನೆ ಅಂತ ಬಹಳ ವಿನಯದ ಮರಾಠಿಯಲ್ಲಿ ಹೇಳಿದೆ. ಮೇಡಂ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿ ಓದಿದರು. ನನ್ನನ್ನು ಕೂರಿಸಿ, ಚಹಾ ತರಿಸಿ, ತಾವು ಒಳಗೆ ಹೋದರು. ಒಳಗೆ ಯಾರೋ ಯಾರಿಗೋ ಬೈಯುವುದು ಕೇಳಿಸಿತು.

ಚಹಾ ಆರುವ ಮೊದಲೇ ತಿದ್ದಿದ ವರದಿ ಕೈಗೆ ಬಂತು. ಒಂದಿದ್ದ ಕಾಲಂ ಈಗ ಎರಡಾಗಿತ್ತು. ಸಾಫ್ಟ್‌ವೇರಿನ ಮಾಲೀಕರು: ಕಂಪನಿ. ತಪ್ಪಿನ ಮಾಲೀಕರು ಅನ್ನುವ ಕಡೆ ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಒಂದಕ್ಷರವೂ ತಪ್ಪಿಲ್ಲದೆ, ದಪ್ಪ ಅಕ್ಷರದಲ್ಲಿ.