ಒಂದು ಕಾರು, ಇಬ್ಬರು ವೈದ್ಯರು

ಗ್ರಂಥಾಲಯದ ಮುಂದಿನ ಏರಿನಲ್ಲಿ, ಬೆಳಗ್ಗೆ ಹತ್ತಕ್ಕೆ ಸರಿಯಾಗಿ, ಗ್ರಂಥಪಾಲಕರ ಕಾರು ಸುಟ್ಟ ವಾಸನೆ ಬಿಟ್ಟು ನಿಂತೇಬಿಟ್ಟಿತು. ನಿಂತದ್ದು ಸಾಲದೆಂದು ಹಿಂದಕ್ಕೆ ಜಾರತೊಡಗಿತು. ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದ ನಾಲ್ವರು ಹಿರಿಯರು ಓಡಿಬಂದು ಕಾರಿಗೆ ಬೆನ್ನು ಕೊಟ್ಟರು. ಪತ್ರಿಕೆ ಓದುತ್ತ ಪಿಸುಗುಟ್ಟಿದರೂ ದಿನಾ ಗ್ರಂಥಪಾಲಕರಿಂದ 'ಶ್!' ಅನ್ನಿಸಿಕೊಳ್ಳುವವರು. "ಐಸಾ!" ಎಂದು ಒಬ್ಬರು ಕೂಗಿದ್ದೇ ತಡ, ಇನ್ನೊಬ್ಬರು ಗಂಭೀರವಾಗಿ ಹೇಳಿದರು: "ಮೆಲ್ಲಗೆ ಕಣ್ರೀ, ಇದು ಲೈಬ್ರರಿ. ಸದ್ದಿಲ್ಲದೆ ತಳ್ಳಿ."

ಮಾನ ಹೋದದ್ದಕ್ಕೆ ಗ್ರಂಥಪಾಲಕರು ಅಷ್ಟೇನೂ ಮರುಗಲಿಲ್ಲ (ಅದು ಮನೆಯಲ್ಲಿ ಕಂತುಕಂತಾಗಿ ಹೋಗುತ್ತಲೇ ಇತ್ತು). ಅವರನ್ನು ಕೊರೆದದ್ದು ಬೇರೆ. ಸೋಮವಾರದಿಂದ ಮಗಳು ಇದೇ ಕಾರಿನಲ್ಲಿ, ಒಬ್ಬಳೇ, ಎಂಬತ್ತು ಕಿಲೋಮೀಟರ್ ದೂರದ ಆಸ್ಪತ್ರೆಗೆ ಹೋಗಿಬರಬೇಕು. ದಂತವೈದ್ಯೆ; ಮೊದಲ ಕೆಲಸ. ನಡುದಾರಿಯಲ್ಲಿ ಕೈಕೊಟ್ಟರೆ?

"ಕಂಪನಿ ಸರ್ವಿಸಿಗೇ ಕೊಡಿ," ಎಂದರು ಹೆಂಡತಿ. "ಗಾಜಿನಾಚೆ ಕೂತು ಎಲ್ಲಾ ನೋಡ್ಬಹುದು."

"ಗಾಜಿನಾಚೆಯಿಂದ ನೋಡೋಕೆ ಅದೇನು ಐಸಿಯುನಾ? ನಮ್ಮ ಗ್ಯಾರೇಜಣ್ಣ ಹನ್ನೊಂದು ವರ್ಷದಿಂದ ನೋಡ್ತಿದಾನೆ."

"ನೋಡ್ತಾನೇ ಇದಾನೆ! ಕ್ಲಚ್ ಎಷ್ಟು ಸಲ ಬದಲಾಯಿಸಿದ?"

"ಮೂರು. ಕಾರಿಗೂ ವಯಸ್ಸಾಯ್ತು ಕಣೇ."

"ನಿಮಗೂ ಆಯ್ತು. ನಿಮ್ಮ ಮಂಡಿಗೆ ದೊಡ್ಡಾಸ್ಪತ್ರೆ, ಮಗಳ ಕಾರಿಗೆ ತಗಡಿನ ಶೆಡ್ಡಾ?"

ಗ್ರಂಥಪಾಲಕರು ಮಂಡಿ ನೀವಿಕೊಳ್ಳುತ್ತ, ಕಾರನ್ನು ಎಳೆದೊಯ್ಯಲು ಕಂಪನಿಗೆ ಫೋನ್ ಮಾಡಿದರು.

ಶುಕ್ರವಾರ ಕಂಪನಿಯ ದಿವ್ಯ ಸನ್ನಿಧಿಗೆ ಹೋದದ್ದಾಯಿತು. ಇಸ್ತ್ರಿ ಕೆಡದ ಬಿಳಿ ಅಂಗಿಯವನೊಬ್ಬ ಕಾರಿಗೆ ಕಂಪ್ಯೂಟರ್ ಸಿಕ್ಕಿಸಿ, ನಲವತ್ತೆರಡು ಸಾಲಿನ ಕಾಗದ ಕೈಗಿತ್ತ. ನಲವತ್ತೊಂದಕ್ಕೆ ಹಸಿರು ಗುರುತು.

"ಕ್ಲಚ್ ಒಂದು ಸುಟ್ಟಿದೆ ಸರ್. ಹೊಸದು ಹಾಕ್ತೀವಿ."

"ಸುಟ್ಟಿದ್ಯಾಕೆ?"

ಅವನು ಕಾಗದದ ಹಿಂಬದಿಯನ್ನೂ ತಿರುಗಿಸಿ ನೋಡಿದ. "ಯಾಕೆ ಅನ್ನೋದಕ್ಕೆ ಇದರಲ್ಲಿ ಕಾಲಂ ಇಲ್ಲ ಸರ್."

ಹೊಸ ಕ್ಲಚ್ ಬಂತು, ಹಳೆಯ ಚಿಂತೆ ಹೋಗಲಿಲ್ಲ. ರೋಗ ಬಂದದ್ದೇಕೆಂದು ಹೇಳದೆ ಮಾತ್ರೆ ಕೊಟ್ಟವರನ್ನು ಹೇಗೆ ನಂಬುವುದು? ಆದರೆ ಗ್ಯಾರೇಜಿನಲ್ಲಾದರೂ ನಾನು ಕೇಳಿದ್ದೆನೇ, ಎಂದು ಗ್ರಂಥಪಾಲಕರು ತಮ್ಮನ್ನೇ ಕೇಳಿಕೊಂಡರು. ಮೂರು ಸಲವೂ ಕೀ ಗ್ಯಾರೇಜಣ್ಣನ ಕೈಗೆ ಹಾಕಿ ಬಸ್ಸು ಹಿಡಿಯಲು ಓಡಿದ್ದೆ. ಇಷ್ಟು ವರ್ಷ ನಂಬಿಕೆ ಎಂದುಕೊಂಡದ್ದು ಬರೀ ಸೋಮಾರಿತನವೋ ಏನೋ.

ಭಾನುವಾರ, ಅತ್ತೆಯ ಕಣ್ಣು ತಪ್ಪಿಸಿ ತವರಿಗೆ ಹೊರಟ ಸೊಸೆಯಂತೆ, ಮಗಳನ್ನು ಕರೆದುಕೊಂಡು ಶೆಡ್ಡಿಗೆ ಬಂದರು. ಗ್ಯಾರೇಜಣ್ಣ ಕಾರಿನ ಗಾಜಿನ ಮೇಲಿದ್ದ ಕಂಪನಿಯ ಚೀಟಿ ನೋಡಿದ.

"ನಮ್ಮ ಮನೆಯವಳು..." ಇವರು ತೊದಲಿದರು.

"ಬಿಡಿ ಸಾರ್. ನನ್ನ ಮನೇಲೂ ಒಬ್ಬಳಿದಾಳೆ."

ಬಾನೆಟ್ ಎತ್ತುವ ಮೊದಲು ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು, ಕಾರಿನವರಿಂದಲೇ ಒಂದು ಸುತ್ತು ಓಡಿಸುವುದು ಅವನ ಪದ್ಧತಿ. ಗ್ರಂಥಪಾಲಕರು ಈ ಪರೀಕ್ಷೆಗೆ ಕೂತದ್ದು ಇದೇ ಮೊದಲು. ಎಡಗಾಲನ್ನು ಕ್ಲಚ್ಚಿನ ಮೇಲೆ, ಕಾಲುಮಣೆಯ ಮೇಲೆ ಇಟ್ಟಷ್ಟೇ ನೆಮ್ಮದಿಯಾಗಿ ಇಟ್ಟು, ಓಡಿಸಿದರು. ಏರಿನಲ್ಲಿ ಬ್ರೇಕ್ ಹಾಕದೆ ಕ್ಲಚ್ಚಿನಲ್ಲೇ ಕಾರನ್ನು ತೂಗಾಡಿಸಿ ನಿಲ್ಲಿಸಿದಾಗ ಗ್ಯಾರೇಜಣ್ಣ ಹಲ್ಲು ಕಚ್ಚಿದ.

"ಹಲ್ಲುನೋವಾ ಅಂಕಲ್?" ಹಿಂದಿನಿಂದ ದಂತವೈದ್ಯೆ ವಿಚಾರಿಸಿದಳು.

"ನಂದಲ್ಲಮ್ಮ, ಗೇರಿಂದು. ಎಲ್ಲಿ, ಈಗ ನೀನು ಓಡ್ಸು."

ಮಗಳು ಓಡಿಸಿದಳು. ಎರಡನೆಯ ತಿರುವು ದಾಟುವಷ್ಟರಲ್ಲಿ ಗ್ಯಾರೇಜಣ್ಣ ಗೊರಕೆ ಹೊಡೆಯುತ್ತಿದ್ದ.

ಶೆಡ್ಡಿನ ಮುಂದೆ ಕಾರು ನಿಂತಾಗಲೇ ಅವನಿಗೆ ಎಚ್ಚರ. ಗ್ರಂಥಪಾಲಕರು ಎದೆ ಗಟ್ಟಿ ಮಾಡಿಕೊಂಡರು.

"ಇದ್ದದ್ದು ಇದ್ದಂಗೆ ಹೇಳಪ್ಪ, ನಾನೇನೂ ಬೇಜಾರು ಮಾಡ್ಕೊಳಲ್ಲ. ಈ ಕ್ಲಚ್ ಬಾಳಬೇಕು ಅಂದ್ರೆ ಕಾರನ್ನ ಯಾರ ಕೈಗೆ ಕೊಡ್ಬೇಕು? ಕಂಪನಿಯವರಿಗಾ, ನಿಂಗಾ?"

ಗ್ಯಾರೇಜಣ್ಣ ಆಕಳಿಸಿದ.

"ಯಾರ ಕೈಗಾದ್ರೂ ಕೊಡಿ ಸಾರ್. ಮಗಳು ಓಡಿಸ್ತಿದ್ರೆ ಹತ್ತು ವರ್ಷಕ್ಕೆ ಮೋಸ ಇಲ್ಲ. ನಿಮ್ಮ ಎಡಗಾಲಿಗೆ ಮಾತ್ರ ಕೊಡ್ಬೇಡಿ."